ಮೂರು ದಿನದ ದಾರಿ, ಐದು ದಿನದ ಪ್ರಯಾಣ

ಅಮ್ಮ ಜುಲೈ ಮೊದಲ ವಾರ ಅಮೆರಿಕಕ್ಕೆ ಬಂದಿದ್ದರು. ಮೂರು ತಿಂಗಳು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ನಮ್ಮ ಜೊತೆ ಇದ್ದರು. ಆಮೇಲೆ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಅಕ್ಕನ ಮನೆಗೆ ಹೋದರು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಹಾಗಾಗಿ ಹೊಸ ವರ್ಷದ ಮರುದಿನವೇ ವಾಪಸ್ ಟಿಕೆಟ್. ಅಷ್ಟರೊಳಗೆ ಒಂದಷ್ಟು ದಿನ ಅಮ್ಮನ ಜೊತೆ ಇರಬೇಕು ಅಂತ ನನ್ನ ಆಸೆ. ಮಗನಿಗೂ ಕ್ರಿಸ್‌ಮಸ್ ರಜೆ.

ಕ್ರಿಸ್‌ಮಸ್ ವಾರದ ವಿಮಾನದ ಬೆಲೆ ನೋಡಿ ನಮ್ಮನೆಯವರು ಆ ಪುಟ ಮುಚ್ಚಿ ಸುಮ್ನೆ ಮ್ಯಾಪ್ ತೆರೆದರು. ಸುಮಾರು 1,400 ಮೈಲಿ. ಕಿಲೋಮೀಟರ್ ಲೆಕ್ಕದಲ್ಲಿ 2,200ರ ಮೇಲೆ. ಹೆಚ್ಚುಕಮ್ಮಿ ಇಡೀ ದಾರಿ ಒಂದೇ ಹೈವೇ, ಐ-80. ದಿನಕ್ಕೆ ಏಳೆಂಟು ಗಂಟೆ ಓಡಿಸಿದರೆ ಮೂರು ದಿನ. 20ಕ್ಕೆ ಹೊರಟರೆ 22ರ ಸಂಜೆ ಅಕ್ಕನ ಮನೆ. ನಾನು ತಕ್ಷಣ ಅಮ್ಮನಿಗೆ ಫೋನ್ ಮಾಡಿ ತಾರೀಕು ಹೇಳಿಯೂ ಬಿಟ್ಟೆ. ನಾನು ಮಾಡಿದ ಮೊದಲ ತಪ್ಪು ಅದೇ. ಚಳಿಗಾಲದಲ್ಲಿ ರಸ್ತೆ ಹಿಡಿಯುವವರು ತಾರೀಕು ಹೇಳಬಾರದು. ಒಮ್ಮೆ ಬಾಯಿಂದ ಬಿದ್ದ ಮೇಲೆ ಅದು ಬೆನ್ನ ಹಿಂದೆ ನಿಂತು ತಳ್ಳುತ್ತಲೇ ಇರುತ್ತದೆ.

ತಯಾರಿ ಮಾತ್ರ ಜೋರಾಗಿಯೇ ಇತ್ತು. ವಿಂಟರ್ ಟೈರ್ ನವೆಂಬರ್‌ನಲ್ಲೇ ಹಾಕಿಸಿದ್ದೆವು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹಳಕು, ಹೀಗೊಂದು ಗುರುತಿದ್ದರೆ ಅದು ನಿಜವಾದ ಸ್ನೋ ಟೈರ್. ಮಾಮೂಲಿ ಬೇಸಿಗೆ ಟೈರಿನ ರಬ್ಬರ್ 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಟ್ಟಿಯಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಡಿಕ್ಕಿಯಲ್ಲಿ ಎರಡು ದಪ್ಪ ರಗ್ಗು, ಮಡಚುವ ಸಲಿಕೆ, ಜಂಪರ್ ಕೇಬಲ್, ಟಾರ್ಚ್, ಮೇಣದ ಬತ್ತಿ, ಬೆಂಕಿಪೊಟ್ಟಣ, ಒಂದು ಡಬ್ಬ ತಿಂಡಿ. ಮತ್ತೆ ಒಂದು ಚೀಲ ಬೆಕ್ಕಿನ ಮಣ್ಣು. ಅದೇ, ಬೆಕ್ಕು ಕಕ್ಕಸ್ಸಿಗೆ ಬಳಸುವ ಜೇಡಿಮಣ್ಣಿನ ಹರಳು. ಚಕ್ರ ಹಿಮದಲ್ಲಿ ಸುಮ್ನೆ ಗಿರಗಿರ ತಿರುಗುವಾಗ ಅದರ ಕೆಳಗೆ ಸುರಿದರೆ ಹಿಡಿತ ಸಿಗುತ್ತದೆ. ಒದ್ದೆಯಾದರೆ ಉಂಡೆ ಕಟ್ಟುವ ಜಾತಿಯದು ಮಾತ್ರ ಬೇಡ, ಅದು ಕೆಸರಾಗುತ್ತದೆ. ಅಂಗಡಿಯ ಕೌಂಟರ್‌ನಲ್ಲಿದ್ದ ಹುಡುಗಿ ನಿಮ್ಮ ಬೆಕ್ಕಿನ ಹೆಸರೇನು ಅಂತ ಕೇಳಿದಳು. ಬೆಕ್ಕಿಲ್ಲ, ಕಾರಿದೆ ಅಂದೆ.

ಇಷ್ಟೆಲ್ಲ ಯಾಕೆ ಅಂದರೆ, 2022 ನೆನಪಿತ್ತು. ಆ ವರ್ಷ ಜನವರಿಯಲ್ಲಿ ವರ್ಜೀನಿಯಾದ ಐ-95ರಲ್ಲಿ ಜನ ಇಡೀ ರಾತ್ರಿ ಕಾರಲ್ಲೇ ಕೂತಿದ್ದರು. ಸೆನೆಟರ್ ಟಿಮ್ ಕೇನ್ ಕೂಡ ಆ ಸಾಲಿನಲ್ಲಿದ್ದರು, ಎರಡು ಗಂಟೆಯ ದಾರಿಗೆ 27 ಗಂಟೆ ಹಿಡಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಫಲೋ ಕಡೆ ಬಂದ ಹಿಮಬಿರುಗಾಳಿಯಲ್ಲಿ ಕಾರಿನೊಳಗೆ ಸಿಕ್ಕಿಬಿದ್ದೇ ಪ್ರಾಣ ಬಿಟ್ಟವರಿದ್ದಾರೆ. ಅದೂ ಊರೊಳಗೆ, ಮನೆಗಳ ಮಧ್ಯೆ.

ಮೊದಲ ದಿನ: ನೇಪರ್‌ವಿಲ್‌ನಿಂದ ಒಮಾಹಾ

ಬೆಳಿಗ್ಗೆ ಆರಕ್ಕೆ ಹೊರಟಾಗ ಕಾರಿನ ಫಲಕದಲ್ಲಿ 14 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 10 ಸೆಲ್ಸಿಯಸ್. ಹಿಮ ಬೀಳುತ್ತಿರಲಿಲ್ಲ. ಆದರೂ ರಸ್ತೆ ಬೆಳ್ಳಗಿತ್ತು. ಅದು ಹಿಮ ಅಲ್ಲ, ಉಪ್ಪು. ರಾತ್ರಿಯೆಲ್ಲ ಲಾರಿಗಳು ಎರಚಿಕೊಂಡು ಹೋಗಿದ್ದು. ಉಪ್ಪು ಬೆರೆತ ನೀರು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಆದರೆ ಚಳಿ ಮೈನಸ್ 9, 10ರ ಆಸುಪಾಸಿಗೆ ಇಳಿದರೆ ಬರೀ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಮೆಗ್ನೀಸಿಯಂ ಕ್ಲೋರೈಡೋ ಕ್ಯಾಲ್ಸಿಯಂ ಕ್ಲೋರೈಡೋ ಬೆರೆಸುತ್ತಾರೆ, ಇಲ್ಲವೇ ಮರಳು ಸುರಿಯುತ್ತಾರೆ.

ಐ-88 ಹಿಡಿದು, ಐ-80 ಸೇರಿ, ಮಿಸಿಸಿಪಿ ದಾಟಿದೆವು. ಅಯೋವಾದ ವಾಲ್ಕಾಟ್‌ನಲ್ಲಿ ಕಾಫಿ. ಅಲ್ಲಿರುವ ಟ್ರಕ್ ಸ್ಟಾಪ್ ಪ್ರಪಂಚದಲ್ಲೇ ದೊಡ್ಡದು ಅಂತ ಬೋರ್ಡ್ ಹಾಕಿಕೊಂಡಿದ್ದಾರೆ. ಮಗನಿಗೆ ಅದರೊಳಗೆ ಅರ್ಧ ದಿನ ಬಿಟ್ಟರೂ ಸಾಲದು.

ಆ ದಿನ ನಮ್ಮನ್ನು ಗೋಳು ಹೊಯ್ದುಕೊಂಡಿದ್ದು ಗಾಜು. ಮುಂದಿನ ಟ್ರಕ್ಕುಗಳ ಚಕ್ರದಿಂದ ಉಪ್ಪುನೀರು ಹಾರಿ ಗಾಜಿನ ಮೇಲೆ ಒಣಗುತ್ತದೆ. ಬಿಸಿಲು ಎದುರಿಗೆ ಬಂದರೆ ಏನೂ ಕಾಣುವುದಿಲ್ಲ, ಹಾಲು ಬಳಿದ ಹಾಗೆ. ಐದು ನಿಮಿಷಕ್ಕೊಮ್ಮೆ ವಾಷರ್ ಒತ್ತಲೇಬೇಕು. ಬೇಸಿಗೆಯ ನೀಲಿ ನೀರು ಇದಕ್ಕೆ ಆಗುವುದಿಲ್ಲ, ಗಾಜಿಗೆ ಬಿದ್ದ ಕೂಡಲೇ ಗಟ್ಟಿಯಾಗುತ್ತದೆ. ಮೈನಸ್ 20 ಫ್ಯಾರನ್‌ಹೀಟ್‌ವರೆಗೂ ಹೆಪ್ಪುಗಟ್ಟದ್ದು ಬೇಕು. ಒಮಾಹಾ ತಲುಪುವಷ್ಟರಲ್ಲಿ ಒಂದು ಕ್ಯಾನ್ ಖಾಲಿ.

ಬೆಳಕಿರುವಾಗಲೇ ಹೋಟೆಲ್ ಸೇರಿಕೊಂಡೆವು. ಅಮ್ಮ ಫೋನ್ ಮಾಡಿದರು. "ಅರ್ಧ ದಾರಿ ಬಂದ್ರಾ?" ಅಂದರು. "ಮೂರನೇ ಒಂದು ಭಾಗ ಅಮ್ಮ. ನಾಡಿದ್ದು ಸಂಜೆ ನಿನ್ನ ಮುಂದೆ ಇರ್ತೀವಿ" ಅಂದೆ. ಧೈರ್ಯ ನೋಡಿ.

ಎರಡನೇ ದಿನ: ನೆಬ್ರಾಸ್ಕಾ ಉದ್ದಕ್ಕೂ

ಬೆಳಿಗ್ಗೆ ಕಾರು ಶುರು ಮಾಡಿದರೆ ಟೈರ್ ಗಾಳಿಯ ಹಳದಿ ದೀಪ. ಪಂಕ್ಚರ್ ಆಯ್ತೇನೋ ಅಂತ ಎದೆ ಧಸಕ್ ಅಂತು. ಏನಿಲ್ಲ, ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ. ತಾಪ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೈ ಮರಗಟ್ಟುವವರೆಗೆ ಗಾಳಿ ತುಂಬಿ ಹೊರಟೆವು. ಟ್ಯಾಂಕ್ ಕೂಡ ಫುಲ್. ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು ಅನ್ನುವುದು ನಮ್ಮನೆಯವರ ನೇಮ. ಎಲ್ಲಾದರೂ ಸಿಕ್ಕಿಬಿದ್ದರೆ ಪೆಟ್ರೋಲೇ ಹೀಟರ್, ಹೀಟರೇ ಜೀವ.

ನೆಬ್ರಾಸ್ಕಾ ಬಗ್ಗೆ ಹೇಳುವುದು ಕಮ್ಮಿ. ಪ್ಲಾಟ್ ನದಿ ಪಕ್ಕದಲ್ಲೇ ಬರುತ್ತದೆ, ರಸ್ತೆ ಸ್ಕೇಲ್ ಇಟ್ಟು ಎಳೆದ ಹಾಗಿದೆ. ಕಾರ್ನಿಯಲ್ಲಿ ಹೈವೇ ಮೇಲೇ ಅಡ್ಡಲಾಗಿ ಕಟ್ಟಿರುವ ಒಂದು ಮ್ಯೂಸಿಯಂನ ಕೆಳಗೆ ಹಾದುಹೋಗುತ್ತೇವೆ. ನಾರ್ತ್ ಪ್ಲಾಟ್ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಗ ಒಂದು ಗಂಟೆ ಫ್ರೀ ಸಿಕ್ತು ಅಂದ. ನನಗೂ ಹಾಗೇ ಅನ್ನಿಸಿತು. ಅಲ್ಲೇ ಎಡವಿದ್ದು.

ಸಿಡ್ನಿ ಅನ್ನುವ ಊರು ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಬಿಳಿ ಹಾವುಗಳ ಹಾಗೆ ಹಿಮದ ಎಳೆಗಳು ರಸ್ತೆಗೆ ಅಡ್ಡ ಹರಿದಾಡುತ್ತಿದ್ದವು. ನಮ್ಮನೆಯವರು ಇಲ್ಲೇ ಉಳಿದುಬಿಡೋಣ ಅಂದರು. ಶಯೆನ್ ಇನ್ನು ನೂರು ಮೈಲಿ. ಬರೀ ನೂರು ಮೈಲಿ ರೀ, ಒಂದೂವರೆ ಗಂಟೆ, ಅಲ್ಲಿ ರೂಮ್ ಬುಕ್ ಆಗಿದೆ, ಇಲ್ಲಿ ನಿಂತರೆ ನಾಳೆ ಅಮ್ಮನನ್ನು ತಲುಪುವುದು ಹೇಗೆ ಅಂತ ನಾನೇ ಹಟ ಮಾಡಿದೆ. ಸ್ಟೀರಿಂಗ್ ನನ್ನ ಕೈಲಿತ್ತು. ಅವರು ಮತ್ತೆ ಮಾತಾಡಲಿಲ್ಲ. ಅವರು ಸುಮ್ಮನಾದರೆ ಒಪ್ಪಿದ್ದಾರೆ ಅಂತಲ್ಲ. ಮದುವೆಯಾಗಿ ಹದಿಮೂರು ವರ್ಷ, ನನಗೆ ಅಷ್ಟು ಗೊತ್ತಿರಬೇಕಿತ್ತು.

ಕಿಂಬಲ್ ದಾಟಿದ ಮೇಲೆ ಬೆಳಕು ಕಮ್ಮಿಯಾಯಿತು. ರಸ್ತೆ ಕಪ್ಪಗೆ, ಒದ್ದೆಯಾಗಿ ಕಾಣುತ್ತಿತ್ತು. ಅದುವರೆಗೆ ಟೈರಿನ ಕೆಳಗಿಂದ ಸುಯ್ ಅಂತ ಒಂದೇ ಸಮನೆ ಸದ್ದು ಬರುತ್ತಿತ್ತು. ಒಂದು ಮೇಲ್ಸೇತುವೆ ಹತ್ತಿದ ತಕ್ಷಣ ಆ ಸದ್ದು ನಿಂತುಹೋಯಿತು. ರೇಡಿಯೋ ಆಫ್ ಮಾಡಿದ ಹಾಗೆ. ಸ್ಟೀರಿಂಗ್ ಹಗುರಾಯಿತು, ತಿರುಗಿಸಿದರೆ ಯಾವುದಕ್ಕೂ ತಗುಲಿಕೊಂಡೇ ಇಲ್ಲ ಅನ್ನುವ ಹಾಗೆ. ಕಾರಿನ ಹಿಂಭಾಗ ಬಲಕ್ಕೆ ಸರಿಯಲು ಶುರುವಾಯಿತು. ಜೋರಾಗಿ ಅಲ್ಲ, ನಿಧಾನವಾಗಿ, ಯಾರೋ ಮೆತ್ತಗೆ ಎಳೆದ ಹಾಗೆ. ಎದುರಿಗಿದ್ದ ತಡೆಗೋಡೆ ಪಕ್ಕದ ಕಿಟಕಿಯಲ್ಲಿ ಕಂಡಿತು.

ಕಾಲು ಬ್ರೇಕಿನ ಕಡೆ ಹೊರಟಿತ್ತು. "ಬ್ರೇಕ್ ಬೇಡ! ಕಾಲು ತೆಗಿ!" ಅಂತ ನಮ್ಮನೆಯವರು ಕೂಗಿದ್ದು ಕೇಳಿತು. ಆಕ್ಸಿಲರೇಟರ್ ಬಿಟ್ಟೆ. ಕಾರು ಎತ್ತ ಹೋಗಬೇಕೋ ಅತ್ತ ನೋಡಿ, ಅತ್ತಲೇ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಸೇತುವೆ ಮುಗಿಯಿತು. ಸುಯ್ ಸದ್ದು ವಾಪಸ್ ಬಂತು. ಟೈರ್ ನೆಲ ಕಚ್ಚಿ ಕಾರು ಒಮ್ಮೆ ಕುಲುಕಿ ನೆಟ್ಟಗಾಯಿತು. ಎಲ್ಲ ಸೇರಿ ನಾಲ್ಕು ಸೆಕೆಂಡ್ ಇರಬಹುದು. ಹಿಂದಿನ ಸೀಟಿನಲ್ಲಿ ಮಗ ಇಯರ್‌ಫೋನ್ ತೆಗೆದು "ಏನಾಯ್ತು?" ಅಂದ.

ಸೇತುವೆ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ ಅಂತ ಬೋರ್ಡುಗಳಲ್ಲಿ ಎಷ್ಟು ಸಲ ಓದಿಲ್ಲ! ರಸ್ತೆಗೆ ಕೆಳಗಿನ ನೆಲದ ಬಿಸುಪು ಇರುತ್ತದೆ. ಸೇತುವೆಗೆ ಮೇಲೂ ಗಾಳಿ, ಕೆಳಗೂ ಗಾಳಿ. ಬ್ಲ್ಯಾಕ್ ಐಸ್ ಅನ್ನುವುದು ಕಪ್ಪು ಅಲ್ಲ, ಗಾಜಿನ ಹಾಗೆ ತೆಳುವಾದ ಮಂಜುಗಡ್ಡೆ, ಕೆಳಗಿನ ಡಾಂಬರ್ ಕಾಣುತ್ತದೆ ಅಷ್ಟೇ. ಅದನ್ನು ಗುರುತಿಸಲು ಒಂದು ಉಪಾಯವಿದೆ. ರಸ್ತೆ ಒದ್ದೆ ಕಾಣುತ್ತಿದ್ದು ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತಿಲ್ಲ ಅಂದರೆ, ಅದು ನೀರಲ್ಲ. ನನ್ನ ಮುಂದೆ ಹೋಗುತ್ತಿದ್ದ ಟ್ರಕ್ಕಿನ ಹಿಂದೆ ಹತ್ತು ನಿಮಿಷದಿಂದ ಒಂದು ಹನಿಯೂ ಹಾರಿರಲಿಲ್ಲ. ನೋಡಿದ್ದೆ, ಗಮನಿಸಿರಲಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ ನಮ್ಮದು ಅನ್ನುವ ಜಂಬ ಬೇರೆ. ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ.

ಉಳಿದ ಅರವತ್ತು ಚಿಲ್ಲರೆ ಮೈಲಿ ನಮ್ಮನೆಯವರು ಓಡಿಸಿದರು, 35ರ ಸ್ಪೀಡಿನಲ್ಲಿ. ಶಯೆನ್‌ನಲ್ಲಿ ರೂಮಿನ ಬಾಗಿಲಿಗೆ ಕಾರ್ಡ್ ಹಾಕಲು ಹೋದರೆ ಕೈ ನಡುಗಿ ಮೂರು ಸಲ ತಪ್ಪಿತು. ಅಮ್ಮನಿಗೆ ಜಾರಿದ ವಿಷಯ ಹೇಳಲಿಲ್ಲ.

ಮೂರನೇ ದಿನ: ಐವತ್ತು ಮೈಲಿ

ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಒಂದು ಮೋಡ ಇಲ್ಲ. ಇವತ್ತು ಸಂಜೆ ಪಕ್ಕಾ ಅಂದುಕೊಂಡೆ. ನಮ್ಮನೆಯವರು ವ್ಯೋಮಿಂಗ್ ರಸ್ತೆ ಇಲಾಖೆಯ ಆ್ಯಪ್ ತೋರಿಸಿದರು. ಶಯೆನ್‌ನಿಂದ ಲ್ಯಾರಮಿವರೆಗೆ ತೆರೆದಿದೆ. ಲ್ಯಾರಮಿಯಿಂದ ರಾಲಿನ್ಸ್‌ವರೆಗೆ ನೂರು ಮೈಲಿ ಕೆಂಪು ಗೆರೆ. ಮುಚ್ಚಿದೆ. ಕಾರಣ: ಗಾಳಿ.

ಮಧ್ಯಾಹ್ನಕ್ಕೆ ತೆರೆದುಬಿಡಬಹುದು, ಅಲ್ಲಿಯವರೆಗಾದರೂ ಹೋಗಿ ಕಾಯೋಣ ಅಂತ ಇಬ್ಬರೂ ಸೇರಿಯೇ ತೀರ್ಮಾನ ಮಾಡಿದೆವು. ಈ ಸಲ ಹಟ ಇರಲಿಲ್ಲ. ಲ್ಯಾರಮಿ ಐವತ್ತೇ ಮೈಲಿ.

ನಡುವೆ ಶೆರ್ಮನ್ ಸಮ್ಮಿಟ್. 8,640 ಅಡಿ. ಅಮೆರಿಕದ ಪೂರ್ವ ಕರಾವಳಿ ಕಡೆಯಿಂದ ಪಶ್ಚಿಮದವರೆಗೆ ಹೋಗುವ ಐ-80ರಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ಅಲ್ಲಿನ ವಿಶ್ರಾಂತಿ ತಾಣದಲ್ಲಿ ಕಲ್ಲಿನ ಎತ್ತರದ ಕಟ್ಟೆಯ ಮೇಲೆ ಅಬ್ರಹಾಂ ಲಿಂಕನ್‌ರ ದೊಡ್ಡ ತಲೆ ತಗ್ಗಿಸಿ ನೋಡುತ್ತಾ ಕೂತಿದೆ. 1959ರಲ್ಲಿ ಹಳೆಯ ಲಿಂಕನ್ ಹೈವೇ ಪಕ್ಕ ಇಟ್ಟಿದ್ದನ್ನು ಹೊಸ ರಸ್ತೆ ಬಂದ ಮೇಲೆ ಇಲ್ಲಿಗೆ ತಂದರು. ಫೋಟೋ ತೆಗೆಯೋಣ ಅಂತ ಮಗ ಬಾಗಿಲು ತೆರೆದ. ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಕೀಲು ಕಿರ್ ಅಂತ ಕೂಗಿದ್ದು ನನಗೂ ಕೇಳಿತು. ಆವತ್ತಿಂದ ಆ ಬಾಗಿಲು ಮುಚ್ಚುವಾಗ ಸ್ವಲ್ಪ ಎತ್ತಿ ತಳ್ಳಬೇಕು. ಈ ಕಡೆಯವರು ಕಾರನ್ನು ಗಾಳಿಗೆ ಮುಖ ಮಾಡಿಯೇ ನಿಲ್ಲಿಸುತ್ತಾರೆ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯುತ್ತಾರೆ. ಅದು ನಮಗೆ ತಿಳಿದಿದ್ದು ಆಮೇಲೆ.

ಲ್ಯಾರಮಿಗೆ ಇಳಿದರೆ ಊರು ತುಂಬಾ ಟ್ರಕ್. ಬಂಕು, ಅಂಗಡಿಗಳ ಮುಂದಿನ ಬಯಲು, ರಸ್ತೆ ಅಂಚು, ಎಲ್ಲೆಲ್ಲೂ ಟ್ರಕ್. ಪಶ್ಚಿಮಕ್ಕೆ ಹೈವೇ ಹತ್ತುವ ಜಾಗದಲ್ಲಿ ರೈಲ್ವೆ ಗೇಟಿನಂಥದ್ದೇ ಗೇಟು. ಕೆಳಗೆ ಬಿದ್ದಿತ್ತು. ಮೇಲೆ ದೀಪ ಮಿನುಗುತ್ತಿತ್ತು. ಹೈವೇಗೆ ಗೇಟು ಹಾಕುವ ಕಲ್ಪನೆಯೇ ನನಗೆ ಹೊಸದು. ಅದನ್ನು ದಾಟಿ ಹೋದರೆ ದಂಡ, ಜೈಲೂ ಆಗಬಹುದು.

ಮೂರು ಮೋಟೆಲ್‌ಗಳಲ್ಲಿ ಇಲ್ಲ ಅಂದರು. ನಾಲ್ಕನೆಯದರಲ್ಲಿ ರೂಮ್ ಸಿಕ್ಕಿತು. ಸಾಮಾನು ಇಳಿಸುವಷ್ಟರಲ್ಲಿ ಫೋನ್ ಟಣ್ ಅಂತು: ಶಯೆನ್‌ನಿಂದ ಲ್ಯಾರಮಿ ರಸ್ತೆಯೂ ಬಂದ್. ಅಲ್ಲಿ ಬಿಸಿಲಿದೆ, ರಸ್ತೆ ಒಣಗಿದೆ, ನಾವೇ ಈಗ ತಾನೇ ಬಂದೆವು! ಇದಕ್ಕೆ ರೋಲಿಂಗ್ ಕ್ಲೋಷರ್ ಅನ್ನುತ್ತಾರಂತೆ. ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಮುಗಿದರೆ ಹಿಂದಿನ ಊರಿನಲ್ಲೇ ತಡೆಯುತ್ತಾರೆ. ಇಲ್ಲದಿದ್ದರೆ ಬಂದವರು ರಾತ್ರಿ ರಸ್ತೆಯಲ್ಲೇ ಕೂರಬೇಕು. ಕೇಳಿದ ಮೇಲೆ ಸರಿ ಅನ್ನಿಸಿತು.

ಅಮ್ಮನಿಗೆ ಫೋನ್ ಮಾಡಲು ಹೊಟ್ಟೆಯಲ್ಲಿ ಸಂಕಟ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡಿದೆ.

"ಅಮ್ಮ, ಇವತ್ತು ಬರೋಕಾಗಲ್ಲ. ರಸ್ತೆ ಮುಚ್ಚಿದಾರೆ."

"ಮುಚ್ಚಿದಾರಾ? ಒಳ್ಳೇದಾಯ್ತು ಬಿಡು."

"ಏನಮ್ಮ ಹೀಗಂತೀಯ?"

"ಮುಚ್ಚದೇ ಇದ್ದಿದ್ರೆ ನೀನು ಹೊರಟುಬಿಡ್ತಿದ್ದೆ ಕಣೇ. ನಿನ್ನೆ ನಿನ್ನ ದನಿ ಕೇಳಿದಾಗ್ಲೇ ಗೊತ್ತಾಯ್ತು ನಂಗೆ, ಏನೋ ಆಗಿದೆ ಅಂತ. ರಾತ್ರಿ ನಿದ್ದೆ ಇಲ್ಲ. ಇವತ್ತು ಎಲ್ಲೋ ಒಂದು ಕಡೆ ಬೆಚ್ಚಗೆ ಇದೀರ ತಾನೆ? ಅಷ್ಟು ಸಾಕು."

ಅಲ್ಲೇ ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತು ಸೇತುವೆ ವಿಷಯ ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ಆಮೇಲೆ ಫೋನ್ ಕಸಿದುಕೊಂಡ ಅಕ್ಕ ಇಬ್ಬರ ಪಾಲಿನದ್ದೂ ಬೈದಳು.

ನಾಲ್ಕನೇ ದಿನ: ಲ್ಯಾರಮಿಯಲ್ಲೇ

ನಾಲ್ಕನೇ ದಿನ ಬೆಳಿಗ್ಗೆಯೂ ಕೆಂಪು ಗೆರೆ. ಹೊರಗೆ ನೋಡಿದರೆ ತಲೆ ಎತ್ತಿದಾಗ ನೀಲಿ ಆಕಾಶ, ತಗ್ಗಿಸಿದರೆ ಮೊಣಕಾಲಿನ ಕೆಳಗೆ ಬಿಳಿ ಹೊಗೆ ಹರಿಯುತ್ತಿದೆ. ಇದನ್ನು ಗ್ರೌಂಡ್ ಬ್ಲಿಝರ್ಡ್ ಅನ್ನುತ್ತಾರೆ. ಆಕಾಶದಿಂದ ಒಂದು ಹಳಕೂ ಬೀಳಬೇಕಾಗಿಲ್ಲ. ಬಿದ್ದಿರುವ ಒಣ ಹಿಮವನ್ನೇ ಗಾಳಿ ಎಬ್ಬಿಸಿ ಓಡಿಸುತ್ತದೆ. ಅಂದಹಾಗೆ ಬ್ಲಿಝರ್ಡ್ ಅನ್ನಲು ಹಿಮ ಎಷ್ಟು ಬಿತ್ತು ಅನ್ನುವುದು ಲೆಕ್ಕಕ್ಕೇ ಇಲ್ಲ. ಗಾಳಿ ಗಂಟೆಗೆ 35 ಮೈಲಿ ಮುಟ್ಟಬೇಕು, ಹಾರುವ ಹಿಮದಿಂದ ಕಾಲು ಮೈಲಿ ಆಚೆ ಏನೂ ಕಾಣಬಾರದು, ಹೀಗೆ ಮೂರು ಗಂಟೆ ಇರಬೇಕು. ಅಷ್ಟಿದ್ದರೆ ಬ್ಲಿಝರ್ಡ್.

ಮೋಟೆಲ್ ಲಾಬಿಯಲ್ಲಿ ಎಲ್ಲರೂ ಸೇರಿದ್ದರು. ಮೊದಲ ದಿನ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಎರಡನೇ ದಿನಕ್ಕೆ ಒಂದೇ ಮನೆಯವರ ಹಾಗೆ ಆಗಿದ್ದೆವು. ನನ್ನ ಮಗ ಯಾರದೋ ಮಕ್ಕಳ ಜೊತೆ ಇಸ್ಪೀಟು ಆಡುತ್ತಿದ್ದ. ಬಿಳಿ ಗಡ್ಡದ ಒಬ್ಬ ಟ್ರಕ್ ಡ್ರೈವರ್ ಇದ್ದರು. ಇಪ್ಪತ್ತು ವರ್ಷದಿಂದ ಇದೇ ರಸ್ತೆ. ಆಗಾಗ ಕಿಟಕಿಗೆ ಹೋಗಿ ನೋಡಿ ಬರುತ್ತಿದ್ದವರು ಅವರೊಬ್ಬರೇ. ಉಳಿದವರೆಲ್ಲ ಫೋನ್ ನೋಡುತ್ತಿದ್ದೆವು.

ಈ ನೂರು ಮೈಲಿಯೇ ಯಾಕೆ ಯಾವಾಗಲೂ ಮುಚ್ಚುತ್ತದೆ ಅಂತ ಕೇಳಿದೆ. ಅವರು ಹೇಳಿದ ಕಥೆ ಇದು. ಹಳೆಯ ರಸ್ತೆ, ಯುಎಸ್ 30, ರಾಕ್ ರಿವರ್, ಮೆಡಿಸಿನ್ ಬೋ ಊರುಗಳ ಕಡೆಯಿಂದ ಉತ್ತರಕ್ಕೆ ಸುತ್ತಿಕೊಂಡು ಹೋಗುತ್ತದೆ. ಐ-80 ಕಟ್ಟುವಾಗ ಇಂಜಿನಿಯರ್‌ಗಳು ಸುತ್ತು ಯಾಕೆ ಅಂತ ಎಲ್ಕ್ ಮೌಂಟನ್ ಬೆಟ್ಟದ ಬುಡದಲ್ಲೇ ನೇರ ಎಳೆದರು. ಅಲ್ಲಿ ದನ ಮೇಯಿಸುವವರು, ಆ ಕಡೆ ಚಳಿಗಾಲದಲ್ಲಿ ಯಾರೂ ಹೋಗುವುದಿಲ್ಲ, ಗಾಳಿ ಕೆಟ್ಟದ್ದು ಅಂತ ಹೇಳಿದರಂತೆ. ಕೇಳಲಿಲ್ಲ. 1970ರಲ್ಲಿ ರಸ್ತೆ ತೆರೆಯಿತು. ಮೊದಲ ಚಳಿಗಾಲದಲ್ಲೇ ಗೊತ್ತಾಯಿತು. ವಿಯೆಟ್ನಾಂ ಯುದ್ಧದ ಕಾಲ ಅದು. ಉತ್ತರ ವಿಯೆಟ್ನಾಂನವರು ಯುದ್ಧದ ಸಾಮಾನು ಸಾಗಿಸುತ್ತಿದ್ದ ಕಾಡುದಾರಿ, ಹೋ ಚಿ ಮಿನ್ ಟ್ರೇಲ್, ಅದರ ಹೆಸರು ಎಲ್ಲರ ಬಾಯಲ್ಲಿತ್ತು. ಜನ ಈ ರಸ್ತೆಗೆ ಸ್ನೋ ಚಿ ಮಿನ್ ಟ್ರೇಲ್ ಅಂತ ಹೆಸರಿಟ್ಟರು. ಇನ್ನೂ ಹಾಗೇ ಕರೆಯುತ್ತಾರೆ.

ಆಮೇಲೆ ಬೇಲಿಗಳು ಬಂದವು. ದಾರಿಯುದ್ದಕ್ಕೂ ಕಾಣುವ, ಒಂದು ಕಡೆಗೆ ವಾಲಿಕೊಂಡ ಮರದ ಪಟ್ಟಿಯ ಬೇಲಿಗಳನ್ನು ನಾನು ದನ ತಡೆಯಲು ಅಂದುಕೊಂಡಿದ್ದೆ. ಅವು ಹಿಮ ತಡೆಯಲು. ತಡೆಯಲು ಅನ್ನುವುದೂ ತಪ್ಪು. ಪಟ್ಟಿಗಳ ಸಂದಿಯಲ್ಲಿ ನುಗ್ಗುವಾಗ ಗಾಳಿಯ ವೇಗ ಕಮ್ಮಿಯಾಗುತ್ತದೆ, ಹೊತ್ತು ತಂದ ಹಿಮವನ್ನು ಬೇಲಿಯ ಹಿಂದೆ ಕೆಡವುತ್ತದೆ. ಆ ಹಿಮದ ದಿಬ್ಬ ಬೇಲಿಯ ಎತ್ತರದ ಸುಮಾರು 35 ಪಟ್ಟು ಉದ್ದಕ್ಕೆ ಬೆಳೆಯುತ್ತದಂತೆ. ಹಾಗಾಗಿ ರಸ್ತೆಯಿಂದ ಅಷ್ಟು ದೂರದಲ್ಲಿ ಬೇಲಿ ನಿಲ್ಲಿಸಬೇಕು. ಹತ್ತಿರ ಹಾಕಿದರೆ ದಿಬ್ಬ ರಸ್ತೆ ಮೇಲೇ ಬೆಳೆಯುತ್ತದೆ.

ಮಧ್ಯಾಹ್ನ ಒಬ್ಬ ಹುಡುಗ, ಅವನ ಗೆಳತಿ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟು ನಿಂತರು. ಫೋನು ಹಳ್ಳಿ ರಸ್ತೆಗಳಲ್ಲಿ ಸುತ್ತು ಹಾಕಿ ಹೋಗುವ ದಾರಿ ತೋರಿಸುತ್ತಿದೆಯಂತೆ. ಹುಡುಗಿಯ ತಾಯಿ ರಾಕ್ ಸ್ಪ್ರಿಂಗ್ಸ್‌ನಲ್ಲಿ ಕಾಯುತ್ತಿದ್ದಾರೆ. ಡ್ರೈವರ್ ಎದ್ದು ಹೋಗಿ ಫೋನ್ ನೋಡಿದರು. ಈ ಮಣ್ಣು ರಸ್ತೆಯಲ್ಲಿ ನವೆಂಬರ್ ಆದ ಮೇಲೆ ಯಾರೂ ಹಿಮ ತೆಗೆಯುವುದಿಲ್ಲ, ಅಲ್ಲಿ ಸಿಗ್ನಲ್ಲೂ ಇಲ್ಲ, ಫೋನಿಗೆ ಗೆರೆ ಗೊತ್ತು, ಹಿಮ ಗೊತ್ತಿಲ್ಲ ಅಂದರು. ಹುಡುಗಿಗೆ ಕಣ್ಣಲ್ಲಿ ನೀರು. ಅಮ್ಮನಿಗೆ ಮಾತು ಕೊಟ್ಟಿದೀನಿ ಅಂದಳು. ನಾನು ಎದ್ದು ಹೋಗಿ ನಮ್ಮಮ್ಮ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ಮನೆಗೆ ಫೋನ್ ಮಾಡಿದಳು. ಇಬ್ಬರೂ ಉಳಿದರು.

ಸಂಜೆ ಆ ಡ್ರೈವರ್ ನಮ್ಮೆಲ್ಲರಿಗೂ ಪಾಠ ಮಾಡಿದರು, ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ. ಕಾರು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಕಾರು ಕಾಣುತ್ತದೆ, ನೀವು ಕಾಣುವುದಿಲ್ಲ. ಇಂಜಿನ್ ಗಂಟೆಗೆ ಹತ್ತು ನಿಮಿಷ ಹಾಕಿ ಸಾಕು. ಆದರೆ ಹಾಕುವ ಮುಂಚೆ ಪ್ರತಿ ಸಲ ಇಳಿದು ಹಿಂದಿನ ಹೊಗೆ ಕೊಳವೆಯ ಹಿಮ ತೆಗೆಯಿರಿ, ಕಿಟಕಿ ಒಂದು ಬೆರಳಷ್ಟು ತೆರೆದಿಡಿ. ಹಿಮ ಕೊಳವೆ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ. ಮಗ ಆವತ್ತು ರಾತ್ರಿ ಮಲಗುವ ಮುಂಚೆ, ನಮ್ಮ ಸಲಿಕೆ ಡಿಕ್ಕಿಯಲ್ಲಿ ಯಾಕಿದೆ ಅಂತ ಕೇಳಿದ. ಡಿಕ್ಕಿ ಹೆಪ್ಪುಗಟ್ಟಿ ತೆರೆಯದಿದ್ದರೆ? ಹೌದಲ್ವಾ! ನಮ್ಮನೆಯವರು ಜಾಕೆಟ್ ಹಾಕಿಕೊಂಡು ಹೋಗಿ ಸಲಿಕೆಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟು ಬಂದರು.

ಐದನೇ ದಿನ: ಗೇಟು ಎದ್ದಿತು

ಬೆಳಿಗ್ಗೆ ಐದಕ್ಕೆ ಫೋನಿಗೆ ಸಂದೇಶ ಬಂತು. ತೆರೆದಿದೆ. ಪಾರ್ಕಿಂಗಿನಲ್ಲಿ ಒಂದೊಂದಾಗಿ ಟ್ರಕ್‌ಗಳು ಗುರುಗುಟ್ಟಲು ಶುರು ಮಾಡಿದವು. ನಾವು ತಕ್ಷಣ ಹೊರಡಲಿಲ್ಲ. ಮೊದಲ ನೂಕುನುಗ್ಗಲು ಹೋಗಲಿ, ಬೆಳಕಾಗಲಿ ಅಂತ ಏಳೂವರೆವರೆಗೆ ಕಾದೆವು. ಈ ಸಲ ಹೇಳಿದ್ದು ನಾನು.

ಗೇಟು ಕಂಬದ ಪಕ್ಕ ನೆಟ್ಟಗೆ ನಿಂತಿತ್ತು. ಈ ರಸ್ತೆಯಲ್ಲಿ ಸ್ಪೀಡ್ ಲಿಮಿಟ್ ಬೋರ್ಡುಗಳೂ ದೀಪದವು. ಗಾಳಿ, ಹಿಮ ನೋಡಿ ಇಲಾಖೆಯವರು ಬದಲಾಯಿಸುತ್ತಾರೆ. ಬೇಸಿಗೆಯಲ್ಲಿ 75 ತೋರಿಸುವ ಕಡೆ ಆವತ್ತು 45. ಆರ್ಲಿಂಗ್ಟನ್ ಹತ್ತಿರ ಎರಡು ಟ್ರಕ್ ಪಕ್ಕಕ್ಕೆ ಮಲಗಿದ್ದವು. ಒಂದರ ಚಕ್ರಗಳೆಲ್ಲ ನಮ್ಮ ಕಡೆಗೆ, ಸತ್ತ ಪ್ರಾಣಿಯ ಕಾಲಿನ ಹಾಗೆ. ಯಾರೂ ಮಾತಾಡಲಿಲ್ಲ. ಎಲ್ಕ್ ಮೌಂಟನ್ ತಲೆಗೆ ಮೋಡದ ಟೋಪಿ ಹಾಕಿಕೊಂಡು ಎಡಗಡೆ ನಿಂತಿತ್ತು. ನೋಡಲು ಬಲು ಚೆನ್ನ. ಅದರ ಪಕ್ಕದಿಂದ ಬೀಸಿದ ಗಾಳಿ ಕಾರನ್ನು ಒಂದು ಅಡಿ ಪಕ್ಕಕ್ಕೆ ಸರಿಸಿತು.

ಮುಂದೆ ಹಿಮ ತೆಗೆಯುವ ಗಾಡಿ ಸಿಕ್ಕಿತು. ಹಿಂದೆ ಎದ್ದ ಬಿಳಿ ಮೋಡದಲ್ಲಿ ಅದರ ದೀಪ ಮಾತ್ರ ಮಿಣಮಿಣ. ಅದನ್ನು ದಾಟಲು ಹೋಗಬಾರದು. ಅದರ ಹಿಂದೆ ಇರುವಷ್ಟು ಒಳ್ಳೆ ರಸ್ತೆ ಮುಂದೆ ಇರುವುದಿಲ್ಲ. ಮೂವತ್ತರ ಸ್ಪೀಡಿನಲ್ಲಿ ಅದರ ಹಿಂದೆ, ಸಾಕಷ್ಟು ದೂರ ಬಿಟ್ಟು ಹೋದೆವು. ಒಂದು ಪಿಕಪ್ ನಮ್ಮನ್ನೂ ಅದನ್ನೂ ದಾಟಿ ಹಾರಿಹೋಯಿತು. ಎಂಟು ಮೈಲಿ ಆದ ಮೇಲೆ ಅದು ಹಳ್ಳದಲ್ಲಿತ್ತು. ಪೊಲೀಸ್ ಕಾರು ಆಗಲೇ ಪಕ್ಕದಲ್ಲಿತ್ತು. ಚಾಲಕ ಹೊರಗೆ ನಿಂತು ಫೋನಿನಲ್ಲಿ ಯಾರಿಗೋ ಏನೋ ವಿವರಿಸುತ್ತಿದ್ದ. ಕ್ರಿಸ್‌ಮಸ್ ಮುಂಚಿನ ದಿನ. ಯಾರಿಗೆ ಅಂತ ಊಹಿಸಬಹುದು.

ರಾಲಿನ್ಸ್ ತಲುಪಲು ಮೂರು ಗಂಟೆ ಹಿಡಿಯಿತು. ಅಲ್ಲಿಂದಾಚೆ ದಾರಿ ಸಲೀಸು. ಒಂದು ತಮಾಷೆ ಏನೆಂದರೆ, ಅಮೆರಿಕದ ನೀರನ್ನು ಪೂರ್ವ ಪಶ್ಚಿಮವಾಗಿ ಪಾಲು ಮಾಡುವ ಕಾಂಟಿನೆಂಟಲ್ ಡಿವೈಡ್ ಇಲ್ಲಿ ಎರಡು ಸಲ ಬರುತ್ತದೆ. ಗೆರೆ ಎರಡಾಗಿ ಸೀಳಿ ನಡುವೆ ದೊಡ್ಡ ಬೋಗುಣಿ ಮಾಡಿದೆ. ಆ ಬೋಗುಣಿಯೊಳಗೆ ಬಿದ್ದ ನೀರು ಯಾವ ಸಮುದ್ರಕ್ಕೂ ಹೋಗುವುದಿಲ್ಲ, ಅಲ್ಲೇ ಇಂಗುತ್ತದೆ, ಆರುತ್ತದೆ. ಅದೂ ನಮ್ಮ ಹಾಗೆ ಲ್ಯಾರಮಿಯಲ್ಲಿ ಸಿಕ್ಕಿಕೊಂಡಿದೆ ಅಂದ ಮಗ. ಗ್ರೀನ್ ರಿವರ್ ಸುರಂಗ, ಎವನ್‌ಸ್ಟನ್, ಯೂಟಾ ಗಡಿ. ಪಾರ್ಲೀಸ್ ಕಣಿವೆ ಇಳಿಯುವಾಗ ಕತ್ತಲಾಗಿತ್ತು. ಕೆಳಗೆ ಇಡೀ ಊರು ದೀಪ ಹಚ್ಚಿಕೊಂಡು ಕೂತಿತ್ತು. ಎಷ್ಟು ಹೊತ್ತಿಗೆ ಬರುತ್ತೀವಿ ಅಂತ ಫೋನ್ ಮಾಡಿರಲಿಲ್ಲ. ಅವರೂ ಕೇಳಿರಲಿಲ್ಲ.

ಅಕ್ಕನ ಮನೆ ಬಾಗಿಲು ನಾವು ಬೆಲ್ ಒತ್ತುವ ಮುಂಚೆಯೇ ತೆರೆಯಿತು. ಅಮ್ಮ ಸ್ವೆಟರ್ ಮೇಲೆ ಸ್ವೆಟರ್, ಅದರ ಮೇಲೆ ಭಾವನ ಜಾಕೆಟ್ ಹಾಕಿಕೊಂಡು ನಿಂತಿದ್ದರು. ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಮೊಮ್ಮಗನ ಕಡೆ ತಿರುಗಿ ಊಟ ಮಾಡ್ತೀಯಾ ಅಂದರು.

ಮರುದಿನ ಬೆಳಿಗ್ಗೆ ತಡವಾಗಿ ಎದ್ದೆ. ಅಡುಗೆಮನೆಯಲ್ಲಿ ಅಮ್ಮ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಹೊರಗೆ ಕಾರಿನ ಮುಂದೆ ನಿಂತಿದ್ದಾರೆ. ಇಡೀ ಕಾರು ಉಪ್ಪು ಹಿಡಿದು ಉಪ್ಪಿನಕಾಯಿ ಜಾಡಿಯಾಗಿತ್ತು. ಗಾಜಿನ ಮೇಲೆ ರಾತ್ರಿಯ ಇಬ್ಬನಿ ಕಲ್ಲಾಗಿ ಕೂತಿತ್ತು. ಅಮ್ಮ ಒಂದು ಬೆರಳಿನಿಂದ ಬಾನೆಟ್ ಕೆರೆದು ನೋಡಿದರು. ಪಾಪ, ಐದು ದಿನ ನಡೆದು ಬಂದಿದೆ ಅನ್ನುವ ಹಾಗೆ ಅದನ್ನೊಮ್ಮೆ ತಟ್ಟಿದರು. ಆಮೇಲೆ ಬಗ್ಗಿ, ಕಾಲ ಬಳಿ ಇಟ್ಟಿದ್ದ ಬಕೆಟ್ ಎತ್ತಿದರು. ಬಕೆಟ್‌ನಿಂದ ಹಬೆ ಏಳುತ್ತಿತ್ತು.

"ಅಮ್ಮಾ, ಬಿಸಿನೀರು ಬೇಡ! ಗಾಜು ಸೀಳುತ್ತೆ!" ಅಂತ ಕೂಗುತ್ತಾ ಬರಿಗಾಲಲ್ಲೇ ಓಡಿದೆ.